ಭತ್ತದ ಗರಿ ಮಡಚುವ ಪತಂಗ: ಬಿಳಿಯಾದ ಗರಿಯೊಳಗೆ ಹುಳು ಇದೆಯೇ?

ಪ್ರಶ್ನೆ: ಮದ್ದೂರು ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ನಾಲೆ ನೀರಿನ ಗದ್ದೆ. ಜಯ ತಳಿ ಹಾಕಿದ್ದೇವೆ. 25 ದಿನದ ಪೈರು ನಾಟಿ ಮಾಡಿ ಈಗ 40 ದಿನ ಆಗಿದೆ. ಅಲ್ಲಲ್ಲಿ ಗರಿಗಳು ಉದ್ದಕ್ಕೆ ಮಡಚಿಕೊಂಡು ಬೆಳ್ಳಗಾಗುತ್ತಿವೆ. ಸಂಜೆ ಬದುವಿನ ಮೇಲೆ ನಡೆದರೆ ಹೊಂಬಣ್ಣದ ಚಿಕ್ಕ ಪತಂಗಗಳು ಏಳುತ್ತವೆ. ಪಕ್ಕದ ಗದ್ದೆಯವರು ಆಗಲೇ ಎರಡು ಸಲ ಔಷಧಿ ಹೊಡೆದಿದ್ದಾರೆ, ಆದರೂ ಅವರಲ್ಲೇ ಹೆಚ್ಚು ಕಾಣುತ್ತಿದೆ. ಈ ಪತಂಗ ಎಲ್ಲಿಂದ ಬರುತ್ತದೆ, ಗರಿಯನ್ನು ಹೇಗೆ ಸುತ್ತುತ್ತದೆ, ನಾನು ಔಷಧಿ ಹೊಡೆಯಬೇಕೇ? ಈ ಗದ್ದೆಯ ಹುಲ್ಲನ್ನು ದನಕ್ಕೆ ಹಾಕಬಹುದೇ?

ಉತ್ತರ: ನೀವು ವಿವರಿಸಿರುವುದು ಭತ್ತದ ಎಲೆ ಸುರುಳಿ ಹುಳು ಅಥವಾ ಗರಿ ಮಡಚುವ ಹುಳು ಎಂದು ಕರೆಯಲಾಗುವ ಕೀಟ. ಇದರ ಶಾಸ್ತ್ರೀಯ ಹೆಸರು ನೆಫಲೋಕ್ರೊಸಿಸ್ ಮೆಡಿನಾಲಿಸ್. ಫ್ರಾನ್ಸಿನ ಕೀಟತಜ್ಞ ಅಶೀಲ್ ಗೆನೆ ಇದನ್ನು 1854ರಲ್ಲಿ ಮೊದಲು ವರ್ಣಿಸಿ ಹೆಸರಿಟ್ಟರು. ಗರಿಯನ್ನು ಮಡಚುವುದಾಗಲಿ ತಿನ್ನುವುದಾಗಲಿ ನೀವು ಸಂಜೆ ಕಂಡ ಪತಂಗದ ಕೆಲಸವಲ್ಲ. ಎರಡನ್ನೂ ಮಾಡುವುದು ಅದರ ಮರಿಹುಳು. ಪತಂಗಕ್ಕೆ ಗರಿ ಕೆರೆಯುವ ಬಾಯಿಯೇ ಇಲ್ಲ. ಹೂವಿನ ಮಕರಂದವನ್ನೋ ರಸ ಹೀರುವ ಕೀಟಗಳು ಸೂಸುವ ಸಿಹಿ ಜಿನುಗನ್ನೋ ಹೀರಿಕೊಂಡು ಅದು ಹೆಚ್ಚೆಂದರೆ ಒಂದು ವಾರ, ಹತ್ತು ದಿನ ಬದುಕುತ್ತದೆ.

ಮೊದಲಿಗೆ ಗುರುತು ಖಚಿತಪಡಿಸಿಕೊಳ್ಳಿ, ಏಕೆಂದರೆ ಭತ್ತದ ಗರಿಯನ್ನು ಬೆಳ್ಳಗೆ ಮಾಡುವ ಕೀಟ ಇದೊಂದೇ ಅಲ್ಲ. ಮುಳ್ಳುಗಳುಳ್ಳ ಕಪ್ಪು ಹಿಸ್ಪಾ ದುಂಬಿಯೂ ಗರಿಯ ಮೇಲೆ ಬಿಳಿಯ ಸಮಾನಾಂತರ ಗೆರೆಗಳನ್ನು ಬಿಡುತ್ತದೆ, ಆದರೆ ಗರಿಯನ್ನು ಮಡಚುವುದಿಲ್ಲ. ಕೊಳವೆ ಹುಳು ಗರಿಯ ತುದಿಯನ್ನು ಕತ್ತರಿಸಿ ಕೊಳವೆ ಮಾಡಿಕೊಳ್ಳುತ್ತದೆ, ಆ ಕೊಳವೆಗಳು ನಿಂತ ನೀರಿನ ಮೇಲೆ ತೇಲುತ್ತಿರುತ್ತವೆ. ಕಂದುಬಣ್ಣದ ಒಂದು ಬಗೆಯ ಚಿಟ್ಟೆಯ ಹುಳುವೂ ಗರಿಯನ್ನು ಮಡಚುತ್ತದೆ, ಆದರೆ ಅದು ಗರಿಯನ್ನು ಅಂಚಿನಿಂದ ಕಚ್ಚಿ ತಿನ್ನುವುದರಿಂದ ಗರಿಯೇ ಮಾಯವಾಗುತ್ತದೆ. ನಿಮ್ಮ ಗದ್ದೆಯಲ್ಲಿ ಗರಿ ತುಂಡಾಗದೆ, ಉದ್ದಕ್ಕೆ ಮಡಚಿಕೊಂಡು, ಒಳಗಿನ ಹಸಿರು ಮಾತ್ರ ಹೋಗಿ ತೆಳುಕಾಗದದಂಥ ಬಿಳಿ ಪೊರೆ ಉಳಿದಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಪತಂಗವನ್ನು ಹಿಡಿದು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ರೆಕ್ಕೆ ಬಿಚ್ಚಿದಾಗ ಅಡ್ಡಳತೆ ಎರಡು ಸೆಂಟಿಮೀಟರಿನೊಳಗೆ ಇರುತ್ತದೆ. ಒಣಹುಲ್ಲಿನ ಹಳದಿಯ ಮೇಲೆ ಅಡ್ಡಲಾಗಿ ಕಂದು ಬಣ್ಣದ ಅಲೆಗೆರೆಗಳಿರುತ್ತವೆ, ರೆಕ್ಕೆಯ ಹೊರ ಅಂಚಿಗೆ ಅಗಲವಾದ ಕಪ್ಪು ಪಟ್ಟಿ ಇರುತ್ತದೆ. ಮುಂದಿನ ರೆಕ್ಕೆಯ ಮೇಲಂಚಿನ ನಡುವೆ ಕಪ್ಪು ಕೂದಲ ಕುಚ್ಚಿನಂಥದ್ದು ಕಂಡರೆ ಅದು ಗಂಡು.

ಹಗಲಿನಲ್ಲಿ ಈ ಪತಂಗಗಳು ಪೈರಿನ ನೆರಳಿನಲ್ಲಿ ಅಡಗಿರುತ್ತವೆ. ಯಾರಾದರೂ ನಡೆದರೆ ಎದ್ದು, ನಾಲ್ಕು ಮಾರು ಹಾರಿ, ಮತ್ತೆ ಗರಿಯ ಅಡಿಗೆ ಸೇರಿಕೊಳ್ಳುತ್ತವೆ. ಕೂಡುವುದು, ಮೊಟ್ಟೆಯಿಡುವುದು ಎಲ್ಲವೂ ಕತ್ತಲಾದ ಮೇಲೆ. ಒಂದು ಹೆಣ್ಣು ತನ್ನ ಜೀವಿತದಲ್ಲಿ ನೂರಕ್ಕೂ ಹೆಚ್ಚು, ಅನುಕೂಲವಿದ್ದರೆ 300ರವರೆಗೆ ಮೊಟ್ಟೆಗಳನ್ನು ಇಡಬಲ್ಲದು. ಕಾಂಡಕೊರಕದ ಪತಂಗದಂತೆ ಇದು ಮೊಟ್ಟೆಗಳನ್ನು ರಾಶಿಯಾಗಿಟ್ಟು ಮೇಲೆ ಕೂದಲು ಹೊದಿಸುವುದಿಲ್ಲ. ಎಳೆ ಗರಿಗಳ ನಡುನರದ ಗುಂಟ ಒಂದೊಂದಾಗಿ, ಕೆಲವೊಮ್ಮೆ ಎರಡು ಮೂರು ಸಾಲಾಗಿ, ಚಪ್ಪಟೆಯಾದ ಅಂಡಾಕಾರದ ಮೊಟ್ಟೆಗಳನ್ನು ಅಂಟಿಸುತ್ತದೆ. ಅವು ಎಷ್ಟು ಚಿಕ್ಕವು, ಗರಿಗೆ ಎಷ್ಟು ಅಂಟಿಕೊಂಡಿರುತ್ತವೆ ಎಂದರೆ ಕೈಮಸೂರದ ನೆರವಿಲ್ಲದೆ ಹುಡುಕುವುದು ಬಲು ಕಷ್ಟ. ನಾಲ್ಕರಿಂದ ಆರು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ.

ಹೊಸದಾಗಿ ಹೊರಬಂದ ಮರಿಹುಳುವಿಗೆ ಗರಿ ಮಡಚುವ ಶಕ್ತಿ ಇರುವುದಿಲ್ಲ. ಅದು ಇನ್ನೂ ಬಿಚ್ಚಿಕೊಳ್ಳದ ಸುಳಿಯೊಳಗೆ ಅಥವಾ ಹಳೆಯ ಮಡಿಕೆಯೊಂದರ ಮರೆಗೆ ನುಸುಳಿ, ಅಲ್ಲೇ ಹಸಿರನ್ನು ಕೆರೆದು ಒಂದೆರಡು ದಿನ ಕಳೆಯುತ್ತದೆ. ಈ ಪ್ರಾಣಿಯ ಬದುಕಿನಲ್ಲಿ ಅತ್ಯಂತ ಅಪಾಯದ ಗಳಿಗೆ ಇದೇ. ಮಳೆಯ ಹೊಡೆತಕ್ಕೆ, ಜೇಡದ ಬಾಯಿಗೆ, ಬಿಸಿಲಿಗೆ ಸಿಕ್ಕಿ ಬಹುಪಾಲು ಮರಿಗಳು ಈ ಹಂತದಲ್ಲೇ ಸಾಯುತ್ತವೆ. ಬದುಕಿದ ಹುಳು ಒಮ್ಮೆ ಪೊರೆ ಕಳಚಿದ ನಂತರ ತೆರೆದ ಗರಿಗೆ ಬಂದು, ತನ್ನ ಮನೆಯನ್ನು ಕಟ್ಟಲು ತೊಡಗುತ್ತದೆ.

ಈ ಮನೆ ಕಟ್ಟುವ ಬಗೆಯನ್ನು ಒಮ್ಮೆ ಕುಳಿತು ನೋಡಿದವರು ಮರೆಯುವುದಿಲ್ಲ. ಸೀಳುಕಡ್ಡಿಗಿಂತ ತೆಳ್ಳಗಿರುವ ಈ ಹುಳುವಿನ ತೂಕಕ್ಕೆ ಹೋಲಿಸಿದರೆ ಭತ್ತದ ಗರಿ ಒಂದು ಗಟ್ಟಿ ಹಲಗೆ. ಅದನ್ನು ಬಲದಿಂದ ಬಗ್ಗಿಸಲು ಹುಳುವಿಗೆ ಸಾಧ್ಯವೇ ಇಲ್ಲ. ಆದ್ದರಿಂದ ಅದು ಬಲವನ್ನು ಕಂತುಗಳಲ್ಲಿ ಕೂಡಿಹಾಕುತ್ತದೆ. ಗರಿಯ ಮೇಲ್ಮುಖದಲ್ಲಿ ನಿಂತು, ಬಾಯಿಯ ಕೆಳಗಿನ ನೂಲುಕೊಳವೆಯಿಂದ ರೇಷ್ಮೆಯ ಎಳೆಯನ್ನು ಒಂದು ಅಂಚಿಗೆ ಅಂಟಿಸಿ, ತಲೆಯನ್ನು ಬೀಸಿ ಇನ್ನೊಂದು ಅಂಚಿಗೆ ಕೊಂಡೊಯ್ದು ಬಿಗಿಯುತ್ತದೆ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಹೀಗೆ ಒಂದೇ ಜಾಗದಲ್ಲಿ ಹತ್ತಾರು ಸಲ ಬೀಸಿದಾಗ ಎಳೆಗಳೆಲ್ಲ ಸೇರಿ ಒಂದು ಕಟ್ಟು, ಅಂದರೆ ಒಂದು ಹೊಲಿಗೆ, ಆಗುತ್ತದೆ. ಎಳೆದು ಬಿಗಿದ ರೇಷ್ಮೆಗೆ ಮತ್ತೆ ಕುಗ್ಗುವ ಗುಣವಿದೆ. ಒಂದೊಂದು ಎಳೆಯೂ ಕುಗ್ಗುವಾಗ ಎರಡು ಅಂಚುಗಳನ್ನು ಕೂದಲೆಳೆಯಷ್ಟು ಹತ್ತಿರ ತರುತ್ತದೆ, ಮುಂದಿನ ಎಳೆ ಆ ಹತ್ತಿರವನ್ನು ಉಳಿಸಿಕೊಂಡು ಇನ್ನಷ್ಟು ಎಳೆಯುತ್ತದೆ. ಒಂದು ಹೊಲಿಗೆ ಮುಗಿದ ಮೇಲೆ ಹುಳು ಸ್ವಲ್ಪ ಮುಂದೆ ಸರಿದು ಇನ್ನೊಂದನ್ನು ಆರಂಭಿಸುತ್ತದೆ. ಕೊನೆಗೆ ಗರಿಯ ಎರಡೂ ಅಂಚುಗಳು ಕೂಡಿ, ನಡುನರ ಬೆನ್ನಾಗಿ, ಉದ್ದನೆಯ ಕೊಳವೆಯೊಂದು ಸಿದ್ಧವಾಗುತ್ತದೆ. ನಮ್ಮಲ್ಲಿ ಊಟದೆಲೆಯನ್ನು ಕಡ್ಡಿ ಚುಚ್ಚಿ ಹಚ್ಚುತ್ತಾರೆ. ಈ ಹುಳು ಚುಚ್ಚುವುದೇ ಇಲ್ಲ, ಗರಿಗೆ ಒಂದು ತೂತೂ ಬೀಳದಂತೆ ಹೊಲಿಯುತ್ತದೆ. ಮಡಚಿದ ಗರಿಯೊಂದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಬಿಡಿಸಿದರೆ ಈ ಬಿಳಿಯ ಹೊಲಿಗೆಗಳು ಸಾಲಾಗಿ ಕಾಣುತ್ತವೆ, ಬಿಡಿಸುವಾಗ ಚಟಪಟನೆ ಕಿತ್ತುಬರುವುದು ಕೈಗೆ ತಿಳಿಯುತ್ತದೆ.

ಮಡಿಕೆಯ ಒಳಗೆ ಹುಳು ಗರಿಯ ಮೇಲ್ಪೊರೆಯನ್ನೂ ಅದರಡಿಯ ಹಸಿರು ತಿರುಳನ್ನೂ ಉದ್ದುದ್ದಕ್ಕೆ ಕೆರೆದು ತಿನ್ನುತ್ತದೆ. ಕೆಳಪೊರೆಯನ್ನು ಮುಟ್ಟುವುದಿಲ್ಲ, ಏಕೆಂದರೆ ಅದೇ ಅದರ ಮನೆಯ ಗೋಡೆ. ನೀವು ಕಾಣುವ ಬಿಳಿಪಟ್ಟಿ ಆ ಗೋಡೆಯೇ. ಒಂದು ಮಡಿಕೆಯಲ್ಲಿ ಸಾಮಾನ್ಯವಾಗಿ ಒಂದೇ ಹುಳು ಇರುತ್ತದೆ. ಅದರ ಮೈ ಹಳದಿ ಕೂಡಿದ ಹಸಿರು, ತಲೆ ಕಂದು. ಬೆಳೆದಾಗ ಉದ್ದ ಎರಡು ಸೆಂಟಿಮೀಟರಿನಷ್ಟಾಗುತ್ತದೆ. ಮುಟ್ಟಿದರೆ ಹಿಂದಕ್ಕೂ ಮುಂದಕ್ಕೂ ಚುರುಕಾಗಿ ಹೊರಳಿ ಕೆಳಗೆ ಬೀಳುತ್ತದೆ. ಒಳಗಿನ ಹಸಿರು ಮುಗಿದು ಹಿಕ್ಕೆ ತುಂಬಿಕೊಂಡ ಮೇಲೆ ಅದು ಆ ಮನೆಯನ್ನು ಬಿಟ್ಟು ಬೇರೊಂದು ಗರಿಗೆ ಹೋಗಿ ಹೊಸದನ್ನು ಕಟ್ಟುತ್ತದೆ. ಎರಡರಿಂದ ಮೂರು ವಾರಗಳ ಮರಿಹುಳುವಿನ ಬದುಕಿನಲ್ಲಿ ಒಂದೊಂದು ಹುಳುವೂ ಹೀಗೆ ಮೂರು ನಾಲ್ಕು ಗರಿಗಳನ್ನಾದರೂ ಕೆಡಿಸುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ ಎಂದು ನಾನು ಭಾವಿಸುತ್ತೇನೆ. ಗದ್ದೆಯ ಬದುವಿನ ಮೇಲೆ ನಿಂತು ನೋಡಿದಾಗ ಕಣ್ಣಿಗೆ ಹೊಡೆಯುವ ಬೆಳ್ಳನೆಯ ಗರಿಗಳು ಬಹುಮಟ್ಟಿಗೆ ಹುಳು ಬಿಟ್ಟುಹೋದ ಮನೆಗಳು. ಹುಳು ಇರುವುದು ಹೊರಗಿನಿಂದ ಇನ್ನೂ ಹಸಿರಾಗಿಯೇ ಕಾಣುವ, ಹೊಸದಾಗಿ ಮಡಚಿಕೊಂಡ ಗರಿಗಳಲ್ಲಿ. ಬಿಳಿಯ ಬಣ್ಣವನ್ನು ನೋಡಿ ಔಷಧಿ ಹೊಡೆಯುವವರು ಎಷ್ಟೋ ಸಲ ಖಾಲಿ ಮನೆಗೆ ಬೆಂಕಿ ಇಟ್ಟಂತೆ ಮಾಡುತ್ತಾರೆ.

ಪೂರ್ಣ ಬೆಳೆದ ಹುಳು ಮಡಿಕೆಯ ಒಳಗೇ ಅಥವಾ ತೆಂಡೆಗಳ, ಅಂದರೆ ಪೈರಿನ ಬುಡದಿಂದ ಒಡೆಯುವ ಕವಲುಗಳ, ಬುಡದಲ್ಲಿ ತೆಳುವಾದ ರೇಷ್ಮೆಯ ಹೊದಿಕೆ ನೇಯ್ದುಕೊಂಡು ಕೋಶಾವಸ್ಥೆಗೆ ಹೋಗುತ್ತದೆ, ಒಂದು ವಾರದ ಆಸುಪಾಸಿನಲ್ಲಿ ಪತಂಗವಾಗಿ ಹೊರಬರುತ್ತದೆ. ಮೊಟ್ಟೆಯಿಂದ ಪತಂಗದವರೆಗಿನ ಒಟ್ಟು ಅವಧಿ ನಮ್ಮ ಹವೆಯಲ್ಲಿ ಸುಮಾರು ನಾಲ್ಕರಿಂದ ಐದು ವಾರ. ಈ ಲೆಕ್ಕವನ್ನು ನಿಮ್ಮ ಗದ್ದೆಗೆ ಹೊಂದಿಸಿ ನೋಡಿ. ನಿಮ್ಮ ಪೈರಿಗೆ ಈಗ ಒಟ್ಟು 65 ದಿನ. ಜಯ ತಳಿ ಹೂವಾಡಲು ಇನ್ನೂ 40 ದಿನಗಳಷ್ಟು ಸಮಯವಿದೆ. ಈಗ ಹಾರುತ್ತಿರುವ ಪತಂಗಗಳ ಮರಿಗಳು ಮುಂದಿನ ಐದನೆಯ ದಿನದಿಂದ ಇಪ್ಪತ್ತೈದನೆಯ ದಿನದವರೆಗೆ ಗರಿ ಕೆರೆಯುತ್ತವೆ. ಅವುಗಳಿಂದ ಹುಟ್ಟುವ ಪತಂಗಗಳು ಏಳುವುದು ಸರಿಯಾಗಿ ಪೈರು ಹೊಡೆಯಾಗುವ, ಅಂದರೆ ಒಳಗಿನ ಎಳೆ ತೆನೆಯಿಂದ ಕಾಂಡ ಉಬ್ಬುವ, ಹೊತ್ತಿಗೆ. ನಿಮಗೆ ನಿಜವಾಗಿ ನಷ್ಟ ಮಾಡಬಲ್ಲದ್ದು ಆ ಮುಂದಿನ ಪೀಳಿಗೆಯೇ ಹೊರತು ಈಗಿನದಲ್ಲ.

ಕಾರಣ ಹೀಗಿದೆ. ತೆಂಡೆ ಒಡೆಯುವ ಕಾಲದಲ್ಲಿ ಭತ್ತ ಕೆಲವು ಗರಿಗಳನ್ನು ಕಳೆದುಕೊಂಡರೆ ಹೊಸ ಗರಿಗಳನ್ನು ಹೊರಡಿಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಇಳುವರಿಯಲ್ಲಿ ಅದರ ಗುರುತೂ ಉಳಿಯದಿರಬಹುದು. ಆದರೆ ತೆನೆಯ ಕೆಳಗಿನ ಕಡೆಯ ಗರಿ, ಅಂದರೆ ಧ್ವಜಪತ್ರ, ಮತ್ತು ಅದರ ಕೆಳಗಿನ ಒಂದೆರಡು ಗರಿಗಳೇ ಕಾಳಿಗೆ ಹಾಲು ತುಂಬಿಸುವುದು. ಅವು ಬೆಳ್ಳಗಾದರೆ ಹೊಸ ಗರಿ ಬರುವುದಿಲ್ಲ, ಜೊಳ್ಳು ಹೆಚ್ಚುತ್ತದೆ. ವಿಯೆಟ್ನಾಮಿನ ಮೆಕಾಂಗ್ ನದೀಮುಖಜ ಪ್ರದೇಶದಲ್ಲಿ 1990ರ ದಶಕದಲ್ಲಿ ಕೆ.ಎಲ್. ಹಿಯಾಂಗ್ ಮತ್ತು ಎಂ.ಎಂ. ಎಸ್ಕಲಾಡಾ ಎಂಬ ವಿಜ್ಞಾನಿಗಳು, ಬಿತ್ತಿದ ಮೊದಲ 40 ದಿನ ಗರಿ ತಿನ್ನುವ ಹುಳುಗಳಿಗೆ ಔಷಧಿ ಹೊಡೆಯದೆ ನೋಡಿ ಎಂದು ರೈತರನ್ನೇ ಪ್ರಯೋಗಕ್ಕೆ ಇಳಿಸಿದರು. ಗದ್ದೆಯ ಒಂದು ಭಾಗದಲ್ಲಿ ಹೊಡೆಯದೆ ಬಿಟ್ಟು ಅಕ್ಕಪಕ್ಕದ ಇಳುವರಿಯನ್ನು ತಾವೇ ತೂಗಿ ನೋಡಿದ ರೈತರು ಇದನ್ನು ಒಪ್ಪಿದರು. ರೇಡಿಯೋ ನಾಟಕಗಳ ಮೂಲಕವೂ ವಿಷಯ ಹರಡಿ, ಆ ಪ್ರದೇಶದಲ್ಲಿ ಔಷಧಿ ಹೊಡೆಯುವ ಸಲಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಅಲ್ಲಿನದು ನೇರ ಬಿತ್ತನೆಯ, ಅಲ್ಪಾವಧಿಯ ಭತ್ತ. ನಮ್ಮ ನಾಟಿ ಗದ್ದೆಗೆ 40 ಎಂಬ ಅಂಕಿಯನ್ನು ಹಾಗೆಯೇ ತರಬೇಕಿಲ್ಲ, ಅದರ ಹಿಂದಿನ ತರ್ಕ ಮಾತ್ರ ಇಲ್ಲಿಗೂ ಹೊಂದುತ್ತದೆ.

ಪತಂಗ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಿ. ನಮ್ಮಲ್ಲಿ ಅದು ದೂರದಿಂದ ಬರಬೇಕಾಗಿಲ್ಲ. ಗದ್ದೆ ಖಾಲಿ ಇರುವ ತಿಂಗಳುಗಳಲ್ಲಿ ಬದುವಿನ ಗರಿಕೆ, ನಾಲೆ ಅಂಚಿನ ಹುಲ್ಲು, ಕಾಡುಸಾವೆಯಂಥ ಕಳೆಗಳು, ಹಿಂದಿನ ಬೆಳೆಯ ಕೂಳೆಯಲ್ಲಿ ಚಿಗುರಿದ ಪೈರು, ಇವುಗಳ ಮೇಲೆ ಅದು ಕಾಲ ತಳ್ಳುತ್ತದೆ. ನಾಲೆ ಬಯಲಿನಲ್ಲಿ ಒಬ್ಬರ ನಾಟಿ ಜುಲೈನಲ್ಲಿ, ಇನ್ನೊಬ್ಬರದು ಸೆಪ್ಟೆಂಬರಿನಲ್ಲಿ ಆಗುವುದರಿಂದ ಒಂದು ಗದ್ದೆಯಲ್ಲಿ ಗರಿ ಬಲಿಯುವಷ್ಟರಲ್ಲಿ ಪಕ್ಕದಲ್ಲಿ ಎಳೆಗರಿ ಸಿದ್ಧವಾಗಿರುತ್ತದೆ. ಆದರೆ ಇದೇ ಪತಂಗಕ್ಕೆ ಇನ್ನೊಂದು ಮುಖವೂ ಇದೆ. ಜಪಾನಿನ ಮುಖ್ಯಭೂಮಿಯ ಚಳಿಗಾಲವನ್ನು ಅದು ದಾಟಲಾರದು. ಆದರೂ ಪ್ರತಿವರ್ಷ ಜೂನ್, ಜುಲೈ ತಿಂಗಳ ಮಳೆಗಾಳಿಯನ್ನೇರಿ ದಕ್ಷಿಣ ಚೀನಾದ ಕಡೆಯಿಂದ ಸಮುದ್ರದ ಮೇಲೆ ಹಾರಿ ಅಲ್ಲಿನ ಗದ್ದೆಗಳನ್ನು ಸೇರುತ್ತದೆ. ನಿಮ್ಮ ಬದುವಿನ ಮೇಲೆ ನಾಲ್ಕು ಮಾರು ಹಾರಿ ಕುಳಿತುಕೊಳ್ಳುವ ಪತಂಗವೂ ಅದೇ ಜಾತಿ.

ಇನ್ನು, ಪಕ್ಕದ ಗದ್ದೆಯಲ್ಲಿ ಎರಡು ಸಲ ಹೊಡೆದರೂ ಏಕೆ ಹೆಚ್ಚಿದೆ ಎಂಬ ವಿಚಾರ. ನಾನು ಆ ಗದ್ದೆಯನ್ನು ನೋಡಿಲ್ಲ, ಆದ್ದರಿಂದ ಅಲ್ಲಿ ಏನಾಯಿತೆಂದು ತೀರ್ಪು ಕೊಡಲಾರೆ. ಆದರೆ ಈ ಕೀಟ ಹೆಚ್ಚಲು ಎರಡು ಕಾರಣಗಳು ಚೆನ್ನಾಗಿ ಪರಿಚಿತವಾಗಿವೆ, ಎರಡೂ ನಮ್ಮ ಕೈಯಿಂದಲೇ ಆಗುವಂಥವು. ಮೊದಲನೆಯದು ಯೂರಿಯಾ. ಸಾರಜನಕ ಹೆಚ್ಚಾದ ಪೈರಿನ ಗರಿ ಅಗಲವಾಗಿ, ಮೆತ್ತಗೆ, ಕಡುಹಸಿರಾಗಿ ಬೆಳೆಯುತ್ತದೆ. ಅಂಥ ಗರಿಯನ್ನು ಪತಂಗ ಮೊಟ್ಟೆಯಿಡಲು ಹೆಚ್ಚು ಆರಿಸಿಕೊಳ್ಳುತ್ತದೆ, ಅದನ್ನು ತಿಂದ ಹುಳುಗಳಲ್ಲಿ ಬದುಕುಳಿಯುವವುಗಳೂ ಹೆಚ್ಚು. ಈ ಕೀಟ ಮೊದಲು ಇಷ್ಟು ದೊಡ್ಡ ಪೀಡೆಯಾಗಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಐಆರ್-8, ಜಯ ಮೊದಲಾದ ಗಿಡ್ಡ ತಳಿಗಳು ಬಂದು, ಅವುಗಳೊಂದಿಗೆ ಹೆಚ್ಚಿನ ಗೊಬ್ಬರ, ಒತ್ತಾದ ನಾಟಿ, ಸದಾ ನೀರು ಬಂದ ಮೇಲೆಯೇ ಏಷ್ಯಾದ ಉದ್ದಗಲಕ್ಕೂ ಇದು ಮುಖ್ಯ ಪೀಡೆಗಳ ಸಾಲಿಗೆ ಸೇರಿತು. ಮರದ ನೆರಳು ಬೀಳುವ ಮೂಲೆಗಳಲ್ಲಿ, ಮೋಡ ಮುಚ್ಚಿದ ತೇವದ ದಿನಗಳಲ್ಲಿ ಹಾವಳಿ ಇನ್ನೂ ಹೆಚ್ಚು. ನಿಮ್ಮ ಗದ್ದೆಯ ಬದುವಿನಲ್ಲಿ ತೆಂಗಿನ ಸಾಲಿದ್ದರೆ ಅದರ ನೆರಳಿನಲ್ಲಿ ಮೊದಲು ಹುಡುಕಿ.

ಎರಡನೆಯ ಕಾರಣ ಅವಸರದ ಔಷಧಿ. ಮಡಿಕೆ ಹುಳುವಿಗೆ ಮನೆ ಮಾತ್ರವಲ್ಲ, ಗುರಾಣಿಯೂ ಹೌದು. ಮೇಲಿನಿಂದ ಬಿದ್ದ ಹನಿ ಅದರ ಮೈಗೆ ತಾಗುವುದಿಲ್ಲ. ಆದರೆ ಆ ಗುರಾಣಿ ಇಲ್ಲದೆ ಗರಿಯ ಮೇಲೆ ಓಡಾಡಿಕೊಂಡಿರುವ ಹುಳುವಿನ ಶತ್ರುಗಳೆಲ್ಲ ಮೊದಲ ಸಿಂಪಡಣೆಗೇ ಸಾಯುತ್ತವೆ. ಈ ಶತ್ರುಗಳ ಬಳಗ ದೊಡ್ಡದು. ಅರ್ಧ ಮಿಲಿಮೀಟರಿನಷ್ಟಿರುವ ಟ್ರೈಕೋಗ್ರಾಮ ಕಣಜ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ಹುಲ್ಲಿನಲ್ಲಿರುವ ಸಣ್ಣ ಚಿಮ್ಮಂಡೆಗಳು ಮೊಟ್ಟೆಗಳನ್ನು ಹುಡುಕಿ ತಿನ್ನುತ್ತವೆ. ಕೆಂಪು ಮತ್ತು ನೀಲಿಗಪ್ಪು ಪಟ್ಟೆಗಳುಳ್ಳ, ಇರುವೆಯನ್ನು ಹೋಲುವ ಒಫಿಯೋನಿಯ ಎಂಬ ತೆಳ್ಳನೆಯ ದುಂಬಿಯಂತೂ ಮಡಿಕೆಯ ಒಳಗೇ ನುಗ್ಗಿ ಹುಳುವನ್ನು ಕೊಲ್ಲುತ್ತದೆ. ಮಡಿಕೆಯೊಂದನ್ನು ಬಿಡಿಸಿದಾಗ ಸತ್ತ ಹುಳುವಿನ ಪಕ್ಕದಲ್ಲಿ ಹತ್ತಿಯಂಥ ಬಿಳಿಯ ಪುಟ್ಟ ಗೂಡುಗಳು ಕಂಡರೆ, ಅದು ಪರತಂತ್ರ ಕಣಜಗಳು ಹುಳುವಿನ ಮೈಯೊಳಗೆ ಬೆಳೆದು ಹೊರಬಂದ ಗುರುತು. ಅವನ್ನು ಕೀಟದ ಮೊಟ್ಟೆ ಎಂದು ತಿಳಿದು ಹೊಸಕಬೇಡಿ. ಹಳದಿ ಮೈಯ ಇನ್ನೊಂದು ಕಣಜ ಕೋಶಗಳನ್ನು ಹುಡುಕುತ್ತದೆ. ಪತಂಗಗಳನ್ನು ಜೇಡಗಳು, ಏರೋಪ್ಲೇನ್ ಚಿಟ್ಟೆಗಳು, ಕಾಜಾಣಗಳು ಹಿಡಿಯುತ್ತವೆ. ನಾಟಿಯಾದ ಹೊಸತರಲ್ಲಿ ಹರಳು ಔಷಧಿ ಎರಚಿದ ಗದ್ದೆಗಳಲ್ಲಿ ಈ ಕೀಟ ಮತ್ತೆ ಹೆಚ್ಚಾಗಿ ಕೆರಳಿದ್ದನ್ನು ಹಲವು ಕಡೆ ದಾಖಲಿಸಲಾಗಿದೆ.

ಹಾಗಾದರೆ ನೀವು ಮಾಡಬೇಕಾದುದು. ಬದುವಿನ ಮೇಲೆ ನಿಂತು ನೋಡದೆ ಗದ್ದೆಗೆ ಇಳಿಯಿರಿ. ಮೂಲೆಯಿಂದ ಮೂಲೆಗೆ ನಡೆಯುತ್ತಾ ಇಪ್ಪತ್ತು ಬುಡಗಳನ್ನು ಆರಿಸಿ, ಹಸಿರಾಗಿರುವ ಮಡಿಕೆಗಳನ್ನು ಬಿಡಿಸಿ, ಜೀವಂತ ಹುಳು ಇರುವವನ್ನು ಮಾತ್ರ ಎಣಿಸಿ. ಈಗಿನ ಹಂತದಲ್ಲಿ ಆ ಬುಡಗಳ ಒಟ್ಟು ಗರಿಗಳಲ್ಲಿ ಹೀಗೆ ಹೊಸದಾಗಿ ಕೆಟ್ಟವು ಶೇ 10ನ್ನು ಮೀರದಿದ್ದರೆ ಸಿಂಪಡಣೆಯ ಅಗತ್ಯವಿಲ್ಲ. ಇದೇ ಎಣಿಕೆಯನ್ನು ವಾರಕ್ಕೊಮ್ಮೆ ಮಾಡುತ್ತಾ ಹೋಗಿ. ಪೈರು ಹೊಡೆಯಾದ ಮೇಲೆ ಮಿತಿ ಬಿಗಿಯಾಗುತ್ತದೆ, ಧ್ವಜಪತ್ರಗಳಲ್ಲಿ ಶೇ 5ರಷ್ಟು ಹಾನಿ ಕಂಡರೂ ಕ್ರಮ ಕೈಗೊಳ್ಳಬೇಕಾಗುತ್ತದೆ. ಈ ವಾರದ ಮೇಲುಗೊಬ್ಬರವನ್ನು ಒಂದೇ ಸಲ ಸುರಿಯದೆ ಎರಡು ಕಂತು ಮಾಡಿ, ಜೊತೆಗೆ ಪೊಟ್ಯಾಷ್ ಕೊಡಿ. ಗರಿಯ ಬಣ್ಣ ಈಗಾಗಲೇ ಕಡುಹಸಿರಾಗಿದ್ದರೆ ಯೂರಿಯಾವನ್ನು ಸದ್ಯಕ್ಕೆ ತಡೆಹಿಡಿಯುವುದೇ ಲೇಸು. ಔಷಧಿ ಬೀಳದ ಬದುವಿನ ಹುಲ್ಲನ್ನು ಕೊಯ್ದು ದನಕ್ಕೆ ಹಾಕಿಬಿಡಿ.

ಹಿಂದಿನವರು ಎಲಚಿ ಮುಳ್ಳಿನ ಕಂಟಿಯನ್ನು ಹಗ್ಗಕ್ಕೆ ಕಟ್ಟಿ ಪೈರಿನ ಮೇಲೆ ಎಳೆಯುತ್ತಿದ್ದರು. ಇದನ್ನು ಹಳೆಯ ಕಾಲದ ನಂಬಿಕೆ ಎಂದು ತಳ್ಳಿಹಾಕುವವರಿದ್ದಾರೆ, ಆದರೆ ಹೊಲಿಗೆ ಕಿತ್ತ ಮನೆ ಹುಳುವಿಗೆ ಉಪಯೋಗಕ್ಕೆ ಬಾರದು ಎಂಬುದು ನೋಡಿದರೆ ತಿಳಿಯುವ ಸತ್ಯ. ಮುಳ್ಳು ಮಡಿಕೆಗಳನ್ನು ಬಿಚ್ಚುತ್ತದೆ, ಹುಳು ನೀರಿಗೆ ಬೀಳುತ್ತದೆ, ಉಳಿದವು ತೆರೆದ ಗರಿಯ ಮೇಲೆ ಜೇಡಕ್ಕೂ ಹಕ್ಕಿಗೂ ಸಿಗುತ್ತವೆ. ತೆಂಡೆಯ ಹಂತದಲ್ಲಿ ಮಾತ್ರ ಎಳೆಯಿರಿ. ಹೊಡೆಯಾದ ಪೈರಿನ ಮೇಲೆ ಮುಳ್ಳು ಎಳೆದರೆ ತೆನೆಗೆ ಪೆಟ್ಟಾಗುತ್ತದೆ. ದುಂಡಾಣು ಎಲೆ ಅಂಗಮಾರಿ ಇರುವ ಗದ್ದೆಯಲ್ಲಿಯೂ ಇದನ್ನು ಮಾಡಬಾರದು, ಗಾಯಗಳ ಮೂಲಕ ಆ ರೋಗ ಹರಡುತ್ತದೆ. ಪತಂಗಗಳು ಕಂಡ ಕೂಡಲೇ ಹೆಕ್ಟೇರಿಗೆ ಒಂದು ಲಕ್ಷ ಕಣಜಗಳಾಗುವಂತೆ ಟ್ರೈಕೋಗ್ರಾಮ ಕೈಲೋನಿಸ್ ಕಣಜದ ಮೊಟ್ಟೆಕಾರ್ಡುಗಳನ್ನು, ಅಂದರೆ ಒಳಗೆ ಕಣಜ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ರಟ್ಟುಗಳನ್ನು, ವಾರಕ್ಕೊಮ್ಮೆ ಮೂರು ಸಲ ಬಿಡುವುದೂ ಒಳ್ಳೆಯ ದಾರಿ. ಕಾರ್ಡು ಕಟ್ಟಿದ ಮೇಲೆ ಔಷಧಿ ಹೊಡೆದರೆ ಕೊಟ್ಟ ಹಣ ವ್ಯರ್ಥ.

ಎಣಿಕೆ ಮಿತಿಯನ್ನು ದಾಟಿತು ಎಂದಾದರೆ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಎಕರೆಗೆ 60 ಮಿಲಿಲೀಟರಿನಂತೆ ಒಂದು ಸಲ ಸಿಂಪಡಿಸಬಹುದು. ಇದು ಗರಿಯ ಅಂಗಾಂಶದೊಳಕ್ಕೂ ಸೇರುವುದರಿಂದ ಮಡಿಕೆಯೊಳಗೆ ಕೆರೆದು ತಿನ್ನುವ ಹುಳುವಿನ ಹೊಟ್ಟೆಗೆ ಹೋಗುತ್ತದೆ. ಅಂಗಡಿಯಲ್ಲಿ ಅಗ್ಗವೆಂದು ಕೊಡುವ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳನ್ನು ಭತ್ತಕ್ಕೆ ಬಳಸಬೇಡಿ. ಅವುಗಳಿಂದ ಕಂದು ಜಿಗಿಹುಳು ಕೆರಳುತ್ತದೆ, ಎಲೆ ಸುರುಳಿಗಿಂತ ಅದು ಬಹಳ ದೊಡ್ಡ ಆಪತ್ತು.

ಹುಲ್ಲಿನ ವಿಚಾರ: ಈ ಹುಳುವಿನಿಂದಾಗಲಿ ಅದು ಬಿಟ್ಟ ಹಿಕ್ಕೆ, ರೇಷ್ಮೆಯಿಂದಾಗಲಿ ದನಕ್ಕೆ ಯಾವ ತೊಂದರೆಯೂ ಇಲ್ಲ, ಬಿಳಿಚಿದ ಗರಿಯಲ್ಲಿ ಸತ್ವ ಸ್ವಲ್ಪ ಕಡಿಮೆ ಇರುತ್ತದೆ ಅಷ್ಟೆ. ಔಷಧಿ ಹೊಡೆದಿದ್ದರೆ ಮಾತ್ರ ಡಬ್ಬಿಯ ಮೇಲೆ ಬರೆದಿರುವ ಕಾಯುವ ಅವಧಿ ಮುಗಿಯುವ ತನಕ ಹಸಿ ಪೈರನ್ನಾಗಲಿ, ಆ ಗದ್ದೆಯ ಬದುವಿನ ಹುಲ್ಲನ್ನಾಗಲಿ ಕೊಯ್ದು ಹಾಕಬೇಡಿ. ಪಕ್ಕದವರ ಸಿಂಪಡಣೆ ನಿಮ್ಮ ನಡುವಿನ ಬದುವಿನ ಮೇಲೂ ಬಿದ್ದಿರುತ್ತದೆ. ಅವರು ಯಾವ ಔಷಧಿ, ಯಾವ ದಿನ ಹೊಡೆದರೆಂದು ಕೇಳಿಕೊಂಡೇ ಆ ಬದುವಿಗೆ ಕುಡುಗೋಲು ಹಾಕಿ.